ರ‍್ಯಾಮ್ ಹಾಕಿಸಿದೆ, ವಿಂಡೋಸ್ ಹೊಸದಾಗಿ ಹಾಕಿದೆ, ಆದರೂ ಲ್ಯಾಪ್‌ಟಾಪ್ ತೆವಳುತ್ತಿದೆ. ಸ್ಕ್ರೀನ್ ಬೇರೆ ತಾನಾಗೇ ಮಬ್ಬಾಗುತ್ತೆ

ನಿಧಾನವೇ_ಪ್ರಧಾನ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ಅರ್ಧಂಬರ್ಧ ಹೇಳಿದರೆ ‘ಮೊದಲು ಪೂರ್ತಿ ವಿವರ ಕೊಡಿ’ ಅಂತ ನೀವೇ ಬೈತೀರಿ.

ನನ್ನ ಲ್ಯಾಪ್‌ಟಾಪಿಗೆ ನಾಲ್ಕೂವರೆ ವರ್ಷ. 11ನೇ ತಲೆಮಾರಿನ ಇಂಟೆಲ್ ಐ5, 15.6 ಇಂಚಿನ ಸ್ಕ್ರೀನ್, 1920×1080 ರೆಸಲ್ಯೂಷನ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, 512 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 11. ಮೂರು ವಾರದ ಹಿಂದಿನವರೆಗೆ ಒಂದು ತಕರಾರೂ ಇರಲಿಲ್ಲ. ಒಂದು ದಿನ ಬೆಳಗ್ಗೆ ಆನ್ ಮಾಡಿದರೆ ಎತ್ತಿನ ಗಾಡಿ ಆಗಿಬಿಟ್ಟಿತ್ತು. ಟೈಪ್ ಮಾಡಿದರೆ ನಾನು ವಾಕ್ಯ ಮುಗಿಸಿದ ಮೇಲೆ ಅಕ್ಷರಗಳು ಒಂದೊಂದಾಗಿ ನಡ್ಕೊಂಡು ಬರುತ್ತವೆ. ಸ್ಟಾರ್ಟ್ ಒತ್ತಿದರೆ ಮೊದಲು ಖಾಲಿ ಚೌಕ, ಆಮೇಲೆ ಐಕಾನ್‌ಗಳು ಬಂದು ಕೂರುತ್ತವೆ. ಮೊನ್ನೆ ಕ್ಯಾಲ್ಕುಲೇಟರ್ ತೆರೆಯಲಿ ಅಂತ ಕಾದು ಕಾದು ಕೊನೆಗೆ ಲೆಕ್ಕವನ್ನು ಮನಸ್ಸಲ್ಲೇ ಮಾಡಿ ಮುಗಿಸಿದೆ.

ಭಾವ ‘ರ‍್ಯಾಮ್ ಸಾಲ್ತಿಲ್ಲ’ ಅಂದರು. 8 ಜಿಬಿ ಇತ್ತು, ಇನ್ನೊಂದು 8 ಹಾಕಿಸಿದೆ. ಒಂದಿಷ್ಟೂ ವ್ಯತ್ಯಾಸ ಇಲ್ಲ. ಒಂದು ವಿಚಿತ್ರ ಮಾತ್ರ ಆಯಿತು. ಮೊದಲು ಟಾಸ್ಕ್ ಮ್ಯಾನೇಜರ್‌ನಲ್ಲಿ ಗ್ರಾಫಿಕ್ಸ್ ಹೆಸರು ‘ಯುಎಚ್‌ಡಿ’ ಅಂತ ಇತ್ತು, ಈಗ ‘ಐರಿಸ್ ಎಕ್ಸ್‌ಇ’ ಅಂತ ತೋರಿಸುತ್ತಿದೆ. ರ‍್ಯಾಮ್ ಹಾಕಿದವರು ಇನ್ನೇನಾದರೂ ಬದಲಾಯಿಸಿಬಿಟ್ಟರಾ ಅಂತ ಅನುಮಾನ. ಆಮೇಲೆ ವೈರಸ್ ಇರಬಹುದು ಅಂತ ಡ್ರೈವ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದೆ. ಇಡೀ ಭಾನುವಾರ ಹೋಯಿತು, ಗಾಡಿ ಅದೇ ಎತ್ತಿನ ಗಾಡಿ. ರಿಪೇರಿಯವರೊಬ್ಬರಿಗೆ ತೋರಿಸಿದೆ. ಎರಡು ನಿಮಿಷ ನೋಡಿ ‘ಮದರ್‌ಬೋರ್ಡ್ ಹೋಗಿದೆ’ ಅಂದರು. ಒಂದೇ ಒಂದು ಸ್ಕ್ರೂ ಬಿಚ್ಚಲಿಲ್ಲ.

ಎರಡನೇ ತಕರಾರು ಸ್ಕ್ರೀನಿಂದು. ರಾತ್ರಿ ಮಂಚದ ಮೇಲೆ ಕೂತು ಬ್ಯಾಟರಿಯಲ್ಲಿ ವಿಡಿಯೊ ನೋಡುವಾಗ ಕತ್ತಲ ದೃಶ್ಯ ಬಂದರೆ ಬೆಳಕು ನಿಧಾನವಾಗಿ ಇಳಿಯುತ್ತೆ, ಬಿಳಿ ಪುಟ ತೆರೆದರೆ ಮತ್ತೆ ಏರುತ್ತೆ. ಬ್ರೈಟ್‌ನೆಸ್ ಗುಂಡಿಯನ್ನು ನಾನು ಮುಟ್ಟಿರೋದೇ ಇಲ್ಲ. ಜೊತೆಗೆ ಎಚ್‌ಡಿಎಂಐ ಕೇಬಲ್‌ನಲ್ಲಿ 4ಕೆ ಟಿವಿಗೆ ಹಾಕಿದರೆ ಮೌಸ್ ನೀರಲ್ಲಿ ತೇಲಿದ ಹಾಗೆ ಹಿಂದೆ ಬೀಳುತ್ತೆ, ಕೆಂಪು ಅಕ್ಷರಗಳ ಅಂಚು ಕದಡಿದ ಹಾಗೆ ಕಾಣುತ್ತೆ, ಕಪ್ಪು ಬೂದಿ ಬಣ್ಣಕ್ಕೆ ತಿರುಗಿರುತ್ತೆ.

ಎರಡಕ್ಕೂ ಸಂಬಂಧ ಇದೆಯಾ? ನಿಜವಾಗಿಯೂ ಮದರ್‌ಬೋರ್ಡೇನಾ?

ಬ್ರಷ್_ಹಿಡಿದವ

ಮಾರಾಯ್ರೇ, ನಾಲ್ಕೂವರೆ ವರ್ಷ ಆಯ್ತು ಅಂತೀರಿ, ಒಂದು ಸಲವಾದರೂ ಹಿಂದಿನ ಮುಚ್ಚಳ ತೆಗೆದು ಧೂಳು ಹೊಡೆದಿದ್ದೀರಾ? ಮಂಚದ ಮೇಲೆ ಬೇರೆ ಇಟ್ಟುಕೊಂಡು ನೋಡ್ತೀರಿ. ಹಾಸಿಗೆ ಗಾಳಿಯ ಕಿಂಡಿ ಮುಚ್ಚುತ್ತೆ, ಬಟ್ಟೆಯ ನವಿರು ಎಳೆಗಳು ಒಳಗೆ ಹೋಗುತ್ತವೆ. ಫ್ಯಾನಿಗೂ ತಾಮ್ರದ ಪೈಪಿನ ತುದಿಯಲ್ಲಿರೋ ಸಣ್ಣ ಸಣ್ಣ ಲೋಹದ ಪಟ್ಟಿಗಳಿಗೂ ನಡುವೆ ಅದು ಕೂತು ಕೂತು ಕಂಬಳಿ ತುಂಡಿನ ಹಾಗೆ ಗಟ್ಟಿಯಾಗುತ್ತೆ. ನಾನು ಚಿಮಟಿಗೆಯಲ್ಲಿ ಹಿಡಿದೆಳೆದರೆ ಒಂದೇ ತುಂಡಾಗಿ ಎದ್ದು ಬಂದದ್ದೂ ಇದೆ. ಹೊರಗಿನಿಂದ ಊದಿದರೆ ಅದು ಹೋಗೋದಿಲ್ಲ, ಇನ್ನೂ ಒಳಗೆ ಸರಿಯುತ್ತೆ ಅಷ್ಟೆ.

ಮುಚ್ಚಳ ತೆಗೀರಿ, ಬ್ಯಾಟರಿ ಕನೆಕ್ಟರ್ ಮೊದಲು ಬಿಡಿಸಿ, ಆಮೇಲೆ ಬ್ರಷ್. ಗಾಳಿ ಊದುವುದಾದರೆ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡ್ಕೊಂಡು ಊದಿ, ಸುಮ್ನೆ ಗಿರಗಿರ ತಿರುಗಿಸಿದರೆ ಬೇರಿಂಗ್ ಹಾಳು. ಪ್ರೊಸೆಸರ್ ಮೇಲೆ ಶಾಖ ದಾಟಿಸೋಕೆ ಹಚ್ಚಿರೋ ಪೇಸ್ಟ್ ಇಷ್ಟು ವರ್ಷಕ್ಕೆ ಒಣಗಿರುತ್ತೆ, ಅದನ್ನೂ ಬದಲಾಯಿಸಿ. ನೂರಕ್ಕೆ ತೊಂಬತ್ತು ಇದೇ ಕಾಯಿಲೆ.

ಅಳತೆಗೋಲು

ಬ್ರಷ್ ಅವರೇ, ಧೂಳು ಇರಬಹುದು, ಇಲ್ಲ ಅನ್ನಲ್ಲ. ಆದರೆ ಅಳೆಯದೇ ಬಿಚ್ಚೋದು ಬೇಡ. ಇವರು ಆಗಲೇ ರ‍್ಯಾಮ್ ತಗೊಂಡು ಒಂದು ಭಾನುವಾರವನ್ನೂ ಕಳಕೊಂಡಿದ್ದಾರೆ.

ನಿಧಾನವೇ ಪ್ರಧಾನ ಅವರೇ, ಐದು ನಿಮಿಷದ ಕೆಲಸ, ಮಾಡಿ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಅದರಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಸಿಪಿಯು, ಅಂದರೆ ಪ್ರೊಸೆಸರ್. ಕೆಳಗೆ ‘ಸ್ಪೀಡ್’ ಅಂತ ಒಂದು ಅಂಕಿ ಇರುತ್ತೆ, ಅದೇ ಬೇಕಾಗಿರೋದು. ಬಳಕೆ ಎಷ್ಟು ಶೇಕಡಾ ಇದೆ, ಆಗ ಸ್ಪೀಡ್ ಎಷ್ಟು ಗಿಗಾಹರ್ಟ್ಸ್ ಇದೆ, ಎರಡನ್ನೂ ಬರೆದುಕೊಳ್ಳಿ. ಜೊತೆಗೆ ಎಚ್‌ಡಬ್ಲ್ಯುಇನ್ಫೋ ಅಂತ ಒಂದು ಉಚಿತ ತಂತ್ರಾಂಶ ಇದೆ, ಅದನ್ನು ಹಾಕಿ ಸೆನ್ಸರ್ ಪುಟದಲ್ಲಿ ಸಿಪಿಯು ಶಾಖ ನೋಡಿ. ಇದೆಲ್ಲವನ್ನೂ ಎರಡು ಸಲ ಮಾಡಿ. ಒಂದು ಸಲ ಚಾರ್ಜರ್ ಹಾಕಿಕೊಂಡು, ಇನ್ನೊಂದು ಸಲ ಚಾರ್ಜರ್ ಕಿತ್ತು ಬರೀ ಬ್ಯಾಟರಿಯಲ್ಲಿ.

ಯಾಕೆ ಕೇಳ್ತಿದ್ದೀನಿ ಅಂದರೆ, ಧೂಳಿನಿಂದ ಬರೋ ನಿಧಾನಕ್ಕೆ ಒಂದು ಲಕ್ಷಣ ಇದೆ. ಲ್ಯಾಪ್‌ಟಾಪ್ ಪ್ರೊಸೆಸರ್ ಕೆಲಸ ಶುರುವಾದ ತಕ್ಷಣ ಸ್ವಲ್ಪ ಹೊತ್ತು, ಸಾಮಾನ್ಯವಾಗಿ 28 ಸೆಕೆಂಡಿನ ಆಸುಪಾಸು, ಜಾಸ್ತಿ ವಿದ್ಯುತ್ ಕುಡಿದು ಜೋರಾಗಿ ಓಡುತ್ತೆ. ಆಮೇಲೆ ತಯಾರಕರು ಇಟ್ಟ ಮಿತಿಗೆ ಇಳಿಯುತ್ತೆ. ನಿಮ್ಮಂಥ ಯಂತ್ರದಲ್ಲಿ ಅದು 15 ವ್ಯಾಟೋ 28 ವ್ಯಾಟೋ ಇರುತ್ತೆ. ಧೂಳಿದ್ದರೆ ಶಾಖ 100 ಡಿಗ್ರಿ ಹತ್ತಿರ ಹೋಗಿ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತೆ. ಆಗಲೂ ಮೊದಲ ಕೆಲವು ಸೆಕೆಂಡು ಚುರುಕಾಗಿಯೇ ಇರುತ್ತೆ, ಫ್ಯಾನ್ ಕಿರುಚುತ್ತೆ, ಕೀಬೋರ್ಡ್ ಬಿಸಿಯಾಗುತ್ತೆ. ನೀವು ಹೇಳ್ತಿರೋದು ಸ್ಟಾರ್ಟ್ ಮೆನು ಕೂಡ ತೆರೆಯಲ್ಲ ಅಂತ. ಅದೂ ರಾತ್ರೋರಾತ್ರಿ ಶುರುವಾಗಿದ್ದು. ಧೂಳು ಒಂದೇ ರಾತ್ರಿಗೆ ಕೂರಲ್ಲ.

ಗ್ರಾಫಿಕ್ಸ್ ಹೆಸರು ಬದಲಾದದ್ದಕ್ಕೆ ಹೆದರಬೇಡಿ, ಯಾರೂ ಏನೂ ಕದ್ದಿಲ್ಲ. ಆ ಚಿಪ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ನಿಮ್ಮ ರ‍್ಯಾಮನ್ನೇ ಹಂಚಿಕೊಳ್ಳುತ್ತೆ. ಒಂದೇ ಕಡ್ಡಿ ಇದ್ದಾಗ ದಾರಿ ಒಂದೇ, ಎರಡು ಹಾಕಿದಾಗ ದಾರಿ ಎರಡು. ಎರಡು ದಾರಿ ಇದ್ದರೆ ಮಾತ್ರ ಇಂಟೆಲ್ ಅದನ್ನು ಐರಿಸ್ ಎಕ್ಸ್‌ಇ ಅಂತ ಕರೆಯುತ್ತೆ, ಇಲ್ಲದಿದ್ದರೆ ಅದೇ ಚಿಪ್ಪಿಗೆ ಯುಎಚ್‌ಡಿ ಅಂತ ಹೆಸರು. ಹಾಗಾಗಿ ಆ ರ‍್ಯಾಮ್ ದಂಡ ಆಗಿಲ್ಲ. ರೋಗ ಬೇರೆ ಇತ್ತು, ಅಷ್ಟೆ.

ನಿಧಾನವೇ_ಪ್ರಧಾನ

ಅಳೆದೆ. ನನಗೇ ನಂಬೋಕೆ ಆಗ್ತಿಲ್ಲ, ಮೂರು ಸಲ ನೋಡಿದೆ.

ಚಾರ್ಜರ್ ಹಾಕಿದಾಗ: ಬಳಕೆ ಶೇ. 100, ಸ್ಪೀಡ್ 0.39 ಗಿಗಾಹರ್ಟ್ಸ್, ಶಾಖ 44 ಡಿಗ್ರಿ. ಫ್ಯಾನ್ ತಿರುಗುತ್ತಲೇ ಇಲ್ಲ. ಏನೇ ಮಾಡಿದರೂ 0.39 ಅಲ್ಲಾಡಲ್ಲ.

ಚಾರ್ಜರ್ ಕಿತ್ತೆ. ಎರಡು ಸೆಕೆಂಡ್ ಆಗಿರಬಹುದು, ಸ್ಪೀಡ್ 3.6ಕ್ಕೆ ಹಾರಿತು. ಸ್ಟಾರ್ಟ್ ಮೆನು ಒತ್ತೋಕೆ ಮುಂಚೆನೇ ತೆರೆದ ಹಾಗೆ ಅನ್ನಿಸಿತು! ಮತ್ತೆ ಚಾರ್ಜರ್ ಹಾಕಿದೆ, 0.39.

ಇಷ್ಟು ದಿನ ಗೊತ್ತಾಗದಿದ್ದದ್ದು ಯಾಕೆ ಅಂದರೆ ನಾನು ಕೆಲಸ ಎಲ್ಲ ಮೇಜಿನ ಮೇಲೆ ಚಾರ್ಜರ್ ಹಾಕಿಕೊಂಡೇ ಮಾಡೋದು. ಬ್ಯಾಟರಿಯಲ್ಲಿ ರಾತ್ರಿ ವಿಡಿಯೊ ಮಾತ್ರ. ಅದು ಸರಿಯಾಗಿ ಓಡುತ್ತಿತ್ತು, ವಿಡಿಯೊಗೆ ಅಷ್ಟು ಶಕ್ತಿ ಬೇಡವೇನೋ ಅಂದುಕೊಂಡಿದ್ದೆ.

ಎಲ್ಲರೂ ‘ಬ್ಯಾಟರಿಯಲ್ಲಿ ನಿಧಾನ, ಚಾರ್ಜರ್‌ನಲ್ಲಿ ಜೋರು’ ಅಂತಾರೆ. ನನ್ನದು ಉಲ್ಟಾ ಯಾಕೆ?

ಅಳತೆಗೋಲು

ಸಿಕ್ಕಿತು. 44 ಡಿಗ್ರಿ ಇದ್ದೂ 0.39 ಅಂದರೆ ಬಿಸಿಯ ಕಥೆ ಮುಗೀತು. ಬಿಸಿಯಾಗಿ ನಿಧಾನ ಆಗೋದು ಬೇರೆ, ತಣ್ಣಗೆ ಕೂತು ನಿಧಾನ ಆಗೋದು ಬೇರೆ. ನಿಮ್ಮ ಪ್ರೊಸೆಸರ್ ಸುಸ್ತಾಗಿಲ್ಲ, ಯಾರೋ ಅದರ ಕೈ ಕಟ್ಟಿ ಕೂರಿಸಿದ್ದಾರೆ.

ಆ 0.39ಕ್ಕೂ ಒಂದು ಅರ್ಥ ಇದೆ. ಪ್ರೊಸೆಸರ್ ಒಳಗೆ 100 ಮೆಗಾಹರ್ಟ್ಸ್‌ನ ಒಂದು ಮೂಲ ತಾಳ ಇರುತ್ತೆ, ಅದಕ್ಕೆ ಒಂದು ಗುಣಕ ಸೇರುತ್ತೆ. 36ರಿಂದ ಗುಣಿಸಿದರೆ 3.6 ಗಿಗಾಹರ್ಟ್ಸ್. ನಿಮ್ಮದು 4ಕ್ಕೆ ಬಂದು ನಿಂತಿದೆ, ಅಂದರೆ 0.4, ಅಳೆಯುವಾಗ ಕೂದಲೆಳೆ ಕಡಿಮೆ ತೋರಿಸಿ 0.39. ಅದಕ್ಕಿಂತ ಕೆಳಗೆ ಅದು ಇಳಿಯಲ್ಲ. ನೆಲಮಾಳಿಗೆ ಅಂದುಕೊಳ್ಳಿ.

ಕೈ ಕಟ್ಟಿದ್ದು ಯಾರು ಅಂದರೆ, ಪ್ರೊಸೆಸರ್‌ಗೆ ಪ್ರೊಕ್‌ಹಾಟ್ ಅಂತ ಒಂದು ತಂತಿ ಇದೆ. ‘ನಾನು ಬಿಸಿಯಾಗಿದ್ದೇನೆ’ ಅಂತ ಅದು ಹೊರಗಿನವರಿಗೆ ಹೇಳೋಕೆ ಇರೋದು. ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಎರಡೂ ಕಡೆಯಿಂದ ಬಳಸುತ್ತಾರೆ, ಹೊರಗಿನ ಭಾಗಗಳೂ ಇದೇ ತಂತಿ ಎಳೆದು ‘ಸುಮ್ನಿರು’ ಅಂತ ಪ್ರೊಸೆಸರ್‌ಗೆ ಹೇಳಬಹುದು. ‘ಬಿ.ಡಿ. ಪ್ರೊಕ್‌ಹಾಟ್’ ಅಂತ ಹೆಸರು ಕೇಳಿರಬಹುದು, ಅದೇ; ಬಿ.ಡಿ. ಅಂದರೆ ಬೈಡೈರೆಕ್ಷನಲ್, ಎರಡೂ ದಿಕ್ಕಿನದು. ಬೋರ್ಡಿಗೆ ‘ಈ ಚಾರ್ಜರ್ ಎಷ್ಟು ವ್ಯಾಟ್ ಕೊಡುತ್ತೋ ಗೊತ್ತಿಲ್ಲ’ ಅನ್ನಿಸಿದರೆ ಅದು ಈ ತಂತಿ ಎಳೆಯುತ್ತೆ. ಗುರುತಿಲ್ಲದ ಚಾರ್ಜರ್‌ನಿಂದ ಜಾಸ್ತಿ ಎಳೆದು ಅದು ಸುಟ್ಟರೆ ಅನ್ನೋ ಭಯ. ಬ್ಯಾಟರಿ ಎಷ್ಟು ಕೊಡುತ್ತೆ ಅಂತ ಬೋರ್ಡಿಗೆ ಗೊತ್ತು, ಹಾಗಾಗಿ ಬ್ಯಾಟರಿಯಲ್ಲಿ ಕಟ್ಟು ಬಿಚ್ಚುತ್ತೆ. ನಿಮ್ಮ ಉಲ್ಟಾಕ್ಕೆ ಇದೇ ಕಾರಣ ಇರಬೇಕು.

ಈಗ ಚಾರ್ಜರ್‌ನ ದುಂಡು ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ನಡುವೆ ಸೂಜಿಯಂಥ ಸಣ್ಣ ಪಿನ್ ಇದೆಯಾ? ಕೆಲವು ಚಾರ್ಜರ್‌ಗಳಲ್ಲಿ ಆ ಪಿನ್ ಕರೆಂಟ್ ಕೊಡೋಕಲ್ಲ, ‘ನಾನು ಇಷ್ಟು ವ್ಯಾಟಿನವನು’ ಅಂತ ಗುರುತು ಹೇಳೋಕೆ. ಅದು ಬಾಗಿದರೆ ಅಥವಾ ಒಳಗಿನ ಎಳೆ ತುಂಡಾದರೆ ಕರೆಂಟ್ ಬರುತ್ತೆ, ಗುರುತು ಬರಲ್ಲ. ಇನ್ನೆರಡು ಪ್ರಶ್ನೆ: ಆನ್ ಮಾಡುವಾಗ ಚಾರ್ಜರ್ ಬಗ್ಗೆ ಏನಾದರೂ ಎಚ್ಚರಿಕೆ ಬರುತ್ತಾ? ಬ್ಯಾಟರಿ ಸರಿಯಾಗಿ ಚಾರ್ಜ್ ಆಗುತ್ತಾ?

ಅರೆಬೆಂದ_ಕೋಡರ್

ಇದಕ್ಕೆಲ್ಲ ಇಷ್ಟು ಕಥೆ ಬೇಕಾ ಗುರು? ಥ್ರಾಟಲ್‌ಸ್ಟಾಪ್ ಅಂತ ಉಚಿತ ಟೂಲ್ ಇದೆ. ತೆರೆದ ತಕ್ಷಣ ಎಡಗಡೆ ‘ಬಿ.ಡಿ. ಪ್ರೊಕ್‌ಹಾಟ್’ ಅಂತ ಒಂದು ಟಿಕ್ ಇರುತ್ತೆ, ಅದನ್ನು ತೆಗೀರಿ, ಮುಗೀತು. ನಾನು ಎರಡು ವರ್ಷದಿಂದ ಹಂಗೇ ಓಡಿಸ್ತಿದ್ದೀನಿ. ಅದರಲ್ಲೇ ವೋಲ್ಟೇಜ್ ಸ್ವಲ್ಪ ಇಳಿಸಿದರೆ ಬಿಸಿನೂ ಕಡಿಮೆ.

ಅಳತೆಗೋಲು

ಕೋಡರ್, ಪರೀಕ್ಷೆಗೆ ಒಳ್ಳೆ ಉಪಾಯ, ಒಪ್ಪುತ್ತೇನೆ. ಟಿಕ್ ತೆಗೆದು ವೇಗ ಬಂದರೆ ರೋಗ ಇದೇ ಅಂತ ಖಾತ್ರಿ ಆಗುತ್ತೆ. ಅದನ್ನೇ ಮದ್ದು ಅಂತ ಹೇಳಬೇಡಿ. ಆ ತಂತಿಯನ್ನು ಚಾರ್ಜರ್ ಒಂದೇ ಎಳೆಯೋದಲ್ಲ. ಪ್ರೊಸೆಸರ್‌ಗೆ ವಿದ್ಯುತ್ ಹದ ಮಾಡಿ ಕೊಡುವ ಭಾಗಗಳು ಕಾದಾಗಲೂ ಅದೇ ತಂತಿ ಎಳೆಯಲ್ಪಡುತ್ತೆ. ಟಿಕ್ ತೆಗೆದರೆ ಆ ಕೂಗೂ ಕೇಳಿಸಲ್ಲ. ಪ್ರೊಸೆಸರ್ 100 ಡಿಗ್ರಿಗೆ ತನ್ನನ್ನು ತಾನು ಕಾಪಾಡಿಕೊಳ್ಳುತ್ತೆ ನಿಜ, ಅಕ್ಕಪಕ್ಕದವರನ್ನು ಕಾಯೋರು ಯಾರು? ಜೊತೆಗೆ ಇವರ ಚಾರ್ಜರ್ ನಿಜವಾಗಿಯೂ ಕಡಿಮೆ ವ್ಯಾಟಿನದಾಗಿದ್ದರೆ ಅದೇ ಕಾದು ಕೂರುತ್ತೆ.

ವೋಲ್ಟೇಜ್ ಇಳಿಸೋ ಮಾತು ಹಳೇದು. 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಅನ್ನೋ ದೋಷ ಹೊರಗೆ ಬಂತು. ವೋಲ್ಟೇಜ್ ಆಟ ಆಡಿ ಪ್ರೊಸೆಸರ್ ಒಳಗಿನ ಗುಟ್ಟು ಕದಿಯಬಹುದು ಅಂತ. ಆಮೇಲೆ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮೂಲಕ ಆ ಬಾಗಿಲು ಹಾಕಿಬಿಟ್ಟರು. 11ನೇ ತಲೆಮಾರಿನಲ್ಲಿ ಹೆಚ್ಚಾಗಿ ಮುಚ್ಚಿಯೇ ಬಂದಿರುತ್ತೆ. ಸ್ಲೈಡರ್ ಎಳೆದರೆ ಎಳೆದ ಹಾಗೆ ಕಾಣುತ್ತೆ, ಒಳಗೆ ಏನೂ ಆಗಲ್ಲ.

ಬ್ರಷ್_ಹಿಡಿದವ

ಸರಿ ಮಾರಾಯ್ರೇ, 44 ಡಿಗ್ರಿ ನೋಡಿದ ಮೇಲೆ ನಾನು ಬ್ರಷ್ ಕೆಳಗಿಟ್ಟೆ. ನನ್ನ ತೊಂಬತ್ತು ಶೇಕಡಾದಲ್ಲಿ ನೀವು ಇಲ್ಲ.

ಒಂದೇ ಮಾತು. ಮುಚ್ಚಳ ತೆಗೆಯೋ ಸಂದರ್ಭ ಬಂದರೆ ಬ್ಯಾಟರಿ ಉಬ್ಬಿದೆಯಾ ನೋಡಿ. ಟಚ್‌ಪ್ಯಾಡ್ ಒಂದು ಬದಿ ಎದ್ದು ನಿಂತಿದ್ದರೆ, ಒತ್ತಿದರೆ ಟಿಕ್ ಅನ್ನದಿದ್ದರೆ, ಮುಚ್ಚಳ ಮೇಜಿನ ಮೇಲೆ ಸಮ ಕೂರದೆ ಅಲ್ಲಾಡಿದರೆ ಅನುಮಾನ ಪಡಬೇಕು. ಉಬ್ಬಿದ ಬ್ಯಾಟರಿಯನ್ನು ಒತ್ತೋದು, ಚುಚ್ಚೋದು, ಚಾರ್ಜ್ ಮಾಡೋದು ಯಾವುದೂ ಬೇಡ.

ಕಣ್ಣೇ_ಮೊದಲು

ಎಲ್ಲರೂ ವೇಗದ ಹಿಂದೆ ಬಿದ್ದಿದ್ದೀರಿ, ಪಾಪ ಸ್ಕ್ರೀನ್ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಬಿಡಿ, ಇದು ನನ್ನ ಹಳೇ ಹುಚ್ಚು.

ಮೊದಲು ತಾನಾಗೇ ಮಬ್ಬಾಗೋದು. ಅದು ಕೆಟ್ಟದ್ದಲ್ಲ, ಬುದ್ಧಿವಂತಿಕೆ ಜಾಸ್ತಿ ಆಗಿರೋದು. ಬ್ಯಾಟರಿಯಲ್ಲಿದ್ದಾಗ ಇಂಟೆಲ್ ಡ್ರೈವರ್ ಸ್ಕ್ರೀನಲ್ಲಿ ಏನಿದೆ ಅಂತ ನೋಡುತ್ತೆ. ಚಿತ್ರ ಕತ್ತಲಾಗಿದ್ದರೆ ಹಿಂದಿನ ದೀಪ ತಗ್ಗಿಸಿ, ಅದು ಗೊತ್ತಾಗದಿರಲಿ ಅಂತ ಬಣ್ಣಗಳನ್ನು ಸ್ವಲ್ಪ ಎತ್ತುತ್ತೆ. ಬ್ಯಾಟರಿ ಉಳಿಸೋಕೆ. ಗೊತ್ತಾಗಲ್ಲ ಅಂತ ಅವರು ಅಂದುಕೊಂಡಿದ್ದಾರೆ, ಕತ್ತಲ ಕೋಣೆಯಲ್ಲಿ ಚೆನ್ನಾಗೇ ಗೊತ್ತಾಗುತ್ತೆ ಅಲ್ವಾ? ಇಂಟೆಲ್ ಗ್ರಾಫಿಕ್ಸ್ ಕಮಾಂಡ್ ಸೆಂಟರ್ ತೆರೆಯಿರಿ. ಸಿಸ್ಟಮ್, ಅದರಲ್ಲಿ ಪವರ್. ಅಲ್ಲಿ ಬ್ಯಾಟರಿ ಭಾಗದಲ್ಲಿ ಡಿಸ್‌ಪ್ಲೇ ಪವರ್ ಸೇವಿಂಗ್ ಅಂತ ಇರುತ್ತೆ, ಆಫ್ ಮಾಡಿ. ಎಎಮ್‌ಡಿ ಯಂತ್ರದವರು ಓದುತ್ತಿದ್ದರೆ, ನಿಮ್ಮಲ್ಲಿ ಇದರ ಹೆಸರು ವಾರಿ ಬ್ರೈಟ್. ಜೊತೆಗೆ ವಿಂಡೋಸ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಯಲ್ಲಿ ಬ್ರೈಟ್‌ನೆಸ್ ಪಕ್ಕದ ಬಾಣ ಒತ್ತಿದರೆ ‘ಪುಟದಲ್ಲಿರೋದನ್ನು ನೋಡಿ ಬೆಳಕು ಬದಲಿಸು’ ಅನ್ನೋ ಅರ್ಥದ ಇನ್ನೊಂದು ಆಯ್ಕೆ ಕೆಲವು ಯಂತ್ರಗಳಲ್ಲಿ ಇರುತ್ತೆ. ಅದೂ ಆಫ್. ಒಂದನ್ನು ಆಫ್ ಮಾಡಿ ಇನ್ನೊಂದನ್ನು ಮರೆತು ‘ಹೋಗ್ಲೇ ಇಲ್ಲ’ ಅಂತ ವಾಪಸ್ ಬರೋರೇ ಜಾಸ್ತಿ.

ಅದೇ ಪವರ್ ಪುಟದಲ್ಲಿ ಪ್ಯಾನೆಲ್ ಸೆಲ್ಫ್ ರಿಫ್ರೆಶ್ ಅಂತಾನೂ ಕಾಣಬಹುದು. ಚಿತ್ರ ಅಲ್ಲಾಡದೆ ಇದ್ದಾಗ ಸ್ಕ್ರೀನ್ ತನ್ನಲ್ಲಿರೋ ಪ್ರತಿಯನ್ನೇ ತೋರಿಸುತ್ತಾ ಗ್ರಾಫಿಕ್ಸ್‌ಗೆ ಕಣ್ಣು ಮುಚ್ಚೋಕೆ ಬಿಡುತ್ತೆ. ಒಳ್ಳೇದೇ. ಮೌಸ್ ಸ್ವಲ್ಪ ಹೊತ್ತು ಬಿಟ್ಟು ಅಲ್ಲಾಡಿಸಿದಾಗ ಒಂದು ಸಣ್ಣ ಎಡವು ಕಂಡರೆ ಮಾತ್ರ ಅದನ್ನು ತೆಗೀರಿ, ಇಲ್ಲದಿದ್ದರೆ ಮುಟ್ಟಬೇಡಿ.

ಈಗ ಟಿವಿ. ನನಗೆ ಇಷ್ಟದ ಭಾಗ ಇದು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ಟಿವಿ ಆರಿಸಿ, ರಿಫ್ರೆಶ್ ರೇಟ್ ನೋಡಿ, ಅಂದರೆ ಸೆಕೆಂಡಿಗೆ ಚಿತ್ರ ಎಷ್ಟು ಸಲ ಬದಲಾಗುತ್ತೆ ಅಂತ. ಬೆಟ್ ಕಟ್ಟುತ್ತೇನೆ, 30 ಹರ್ಟ್ಸ್ ಇರುತ್ತೆ. ನಿಮ್ಮ ತಲೆಮಾರಿನ ಸಾಧಾರಣ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಎಚ್‌ಡಿಎಂಐನ ಹಳೇ ಆವೃತ್ತಿ 1.4ರ ಕಿಂಡಿಯೇ ಕೊಟ್ಟಿರುತ್ತಾರೆ. ಲೆಕ್ಕ ಹಾಕಿ: 4ಕೆ ಅಂದರೆ 3840×2160, ಸುಮಾರು 83 ಲಕ್ಷ ಚುಕ್ಕಿ. ಒಂದು ಚುಕ್ಕಿಗೆ 24 ಬಿಟ್, ಸೆಕೆಂಡಿಗೆ 60 ಸಲ. ಬರೀ ಚಿತ್ರಕ್ಕೇ ಸುಮಾರು 11.9 ಗಿಗಾಬಿಟ್ ಬೇಕು. 1.4ರ ಪೈಪಿನ ಗಾತ್ರ ಒಟ್ಟು 10.2, ಅದರಲ್ಲೂ ಚಿತ್ರಕ್ಕೆ ಸಿಗೋದು ಎಂಟು ಚಿಲ್ಲರೆ. ಹಿಡಿಯಲ್ಲ, ಹಾಗಾಗಿ 30ಕ್ಕೆ ಇಳಿಯುತ್ತೆ. 60ರಲ್ಲಿ ಚಿತ್ರ 16.7 ಮಿಲಿಸೆಕೆಂಡಿಗೆ ಒಂದು ಸಲ ಬದಲಾಗುತ್ತೆ, 30ರಲ್ಲಿ 33ಕ್ಕೆ. ಸಿನಿಮಾ ನೋಡುವಾಗ ತೊಂದರೆ ಇಲ್ಲ, ಮೌಸ್ ಎಳೆದರೆ ಕೈಗೂ ಕಣ್ಣಿಗೂ ಜಗಳ. ದುಬಾರಿ ಕೇಬಲ್ ತಗೊಂಡರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಕಿಂಡಿಯೇ ಚಿಕ್ಕದಿದ್ದರೆ ಕೇಬಲ್ ಏನು ಮಾಡುತ್ತೆ?

ದಾರಿ ಎರಡಿದೆ. ಟಿವಿಗೆ 1920×1080, 60 ಹರ್ಟ್ಸ್ ಕೊಡಿ. 4ಕೆ ಪರದೆಯಲ್ಲಿ ಅದರ ಒಂದು ಚುಕ್ಕಿ ಸರಿಯಾಗಿ ನಾಲ್ಕು ಚುಕ್ಕಿ ಆಗುತ್ತೆ, ಹಾಗಾಗಿ ಅಷ್ಟೇನೂ ಕೆಟ್ಟದಾಗಿ ಕಾಣಲ್ಲ. ಇಲ್ಲವೇ ನಿಮ್ಮ ಟೈಪ್ ಸಿ ಕಿಂಡಿಯ ಪಕ್ಕ ಡಿಸ್‌ಪ್ಲೇಪೋರ್ಟ್ ಗುರುತೋ ಮಿಂಚಿನ ಗುರುತೋ ಇದ್ದರೆ ಅಲ್ಲಿಂದ ಎಚ್‌ಡಿಎಂಐಗೆ ಹೋಗೋ ಅಡಾಪ್ಟರ್ ಹಾಕಿ. ಅದರ ಮೇಲೆ 4ಕೆ 60 ಹರ್ಟ್ಸ್ ಅಂತ ಬರೆದಿರಬೇಕು, ಬರೀ 4ಕೆ ಅಂದರೆ ಮತ್ತೆ 30ಕ್ಕೇ ಬರುತ್ತೀರಿ.

ಕೆಂಪು ಅಕ್ಷರದ ಅಂಚು ಕದಡೋದು ಟಿವಿಯ ಬುದ್ಧಿ. ಟಿವಿಗಳು ಬೆಳಕಿನ ವಿವರವನ್ನು ಪೂರ್ತಿ ಇಟ್ಟುಕೊಂಡು ಬಣ್ಣದ ವಿವರವನ್ನು ಅರ್ಧಕ್ಕರ್ಧ ಕಡಿಮೆ ಮಾಡುತ್ತವೆ. ಮುಖ, ಮರ, ಆಕಾಶಕ್ಕೆ ಗೊತ್ತಾಗಲ್ಲ, ಅಕ್ಷರಕ್ಕೆ ಗೊತ್ತಾಗುತ್ತೆ. ಟಿವಿಯ ಮೆನುವಿನಲ್ಲಿ ಆ ಎಚ್‌ಡಿಎಂಐ ಕಿಂಡಿಯ ಹೆಸರನ್ನು ಪಿಸಿ ಅಂತ ಬದಲಿಸಿ. ಹೆಸರು ಬದಲಿಸಿದರೆ ಏನಾಗುತ್ತೆ ಅಂತ ನಗಬೇಡಿ, ಬಹಳ ಟಿವಿಗಳು ಅದನ್ನು ನೋಡಿಯೇ ಬಣ್ಣ ಕತ್ತರಿಸೋದು ನಿಲ್ಲಿಸುತ್ತವೆ. ಶಾರ್ಪ್‌ನೆಸ್ ಕೂಡ ಇಳಿಸಿ, ಅಕ್ಷರದ ಸುತ್ತ ಬಿಳಿ ಗೆರೆ ಕಾಣೋದು ಅದರಿಂದಲೇ.

ಕಪ್ಪು ಬೂದಿ ಆಗೋದಕ್ಕೆ: ಕಂಪ್ಯೂಟರ್ ಬಣ್ಣವನ್ನು 0ಯಿಂದ 255ರವರೆಗೆ ಎಣಿಸುತ್ತೆ, ಟಿವಿ ಲೋಕದಲ್ಲಿ 16ರಿಂದ 235. ಒಬ್ಬರು 16 ಕಳಿಸಿ ಅದೇ ಕಪ್ಪು ಅಂದುಕೊಂಡರೆ, ಇನ್ನೊಬ್ಬರಿಗೆ ಅದು ಬೂದಿ. ಕಮಾಂಡ್ ಸೆಂಟರ್‌ನ ಡಿಸ್‌ಪ್ಲೇ ಭಾಗದಲ್ಲಿ ಕಲರ್ ಅಡಿ ಕ್ವಾಂಟೈಸೇಷನ್ ರೇಂಜ್ ಇರುತ್ತೆ, ಫುಲ್ ಮಾಡಿ. ಟಿವಿಯ ಕಡೆಯೂ ಎಚ್‌ಡಿಎಂಐ ಬ್ಲಾಕ್ ಲೆವೆಲ್ ಅಂತ ಏನಾದರೂ ಇದ್ದರೆ ಎರಡೂ ಒಂದೇ ಮಾತಾಡಬೇಕು, ಅಷ್ಟೇ ಮುಖ್ಯ.

ನಿಧಾನವೇ_ಪ್ರಧಾನ

ಅಳತೆಗೋಲು ಅವರೇ, ಪಿನ್ ಬಾಗಿದೆ! ಬರೀ ಕಣ್ಣಿಗೆ ಕಾಣಲಿಲ್ಲ. ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ನೋಡಿದರೆ ನಡುವೆ ಇರಬೇಕಾದ ಸೂಜಿ ಗೋಡೆಗೆ ಒರಗಿ ನಿಂತಿದೆ. ಲ್ಯಾಪ್‌ಟಾಪ್ ಮೇಜಿನಿಂದ ಎಳೆಯುವಾಗ ವೈರ್ ಸಮೇತ ಎಳೆದಿದ್ದೆ ಒಂದು ದಿನ, ಅದು ಆ ಮೂರು ವಾರದ ಹಿಂದೆಯೇ ಇರಬೇಕು.

ಬ್ಯಾಟರಿ ಚಾರ್ಜ್ ಕೆಲವು ಸಲ ಆಗುತ್ತೆ, ಕೆಲವು ಸಲ ‘ಪ್ಲಗ್ ಇದೆ, ಚಾರ್ಜ್ ಆಗ್ತಿಲ್ಲ’ ಅಂತ ಬರುತ್ತೆ. ವೈರ್ ಸ್ವಲ್ಪ ತಿರುಚಿದರೆ ಮತ್ತೆ ಆಗುತ್ತೆ. ಬ್ಯಾಟರಿಗೆ ವಯಸ್ಸಾಯ್ತು ಅಂದುಕೊಂಡಿದ್ದೆ. ಆನ್ ಆಗುವಾಗ ಚಾರ್ಜರ್ ಬಗ್ಗೆ ಇಂಗ್ಲಿಷಿನಲ್ಲಿ ಎರಡು ಸಾಲು ಬರುತ್ತಿತ್ತು ನಿಜ, ಓದದೇ ಎಂಟರ್ ಒತ್ತುತ್ತಿದ್ದೆ. ಬೈಯಿರಿ, ಪರವಾಗಿಲ್ಲ.

ಆಫೀಸಿನ ಗೆಳೆಯನ ಹತ್ತಿರ ಅದೇ ಮಾದರಿಯ ಲ್ಯಾಪ್‌ಟಾಪ್ ಇದೆ. ಅವನ ಚಾರ್ಜರ್ ಹಾಕಿ ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಿದೆ. 3.8 ಗಿಗಾಹರ್ಟ್ಸ್.

ಸ್ಕ್ರೀನ್ ಕೂಡ ಸರಿಹೋಯಿತು, ಟಿವಿಯಲ್ಲಿ 30 ಹರ್ಟ್ಸೇ ಇತ್ತು, ಬೆಟ್ ನೀವೇ ಗೆದ್ದಿರಿ. ಕಿಂಡಿಯ ಹೆಸರು ಪಿಸಿ ಅಂತ ಇಟ್ಟ ತಕ್ಷಣ ಕೆಂಪು ಅಕ್ಷರ ಬ್ಲೇಡಿನಲ್ಲಿ ಕೊಯ್ದ ಹಾಗೆ ಬಂತು. ಇನ್ನೊಂದೇ ಪ್ರಶ್ನೆ. ಲ್ಯಾಪ್‌ಟಾಪಿನಲ್ಲಿ ಅಕ್ಷರ ಸಣ್ಣದು ಅಂತ ಅಮ್ಮನಿಗಾಗಿ ರೆಸಲ್ಯೂಷನ್ 1366×768ಕ್ಕೆ ಇಳಿಸಿದ್ದೆ. ದೊಡ್ಡದಾಯಿತು, ಆದರೆ ಮಂಜು ಕವಿದ ಹಾಗಿದೆ. ಮತ್ತೆ, ಹೊಸ ಚಾರ್ಜರ್ ತಗೊಳ್ಳುವಾಗ ಏನು ನೋಡಬೇಕು?

ಕಣ್ಣೇ_ಮೊದಲು

ಅಯ್ಯೋ, ರೆಸಲ್ಯೂಷನ್ ಇಳಿಸಬೇಡಿ. 1920ನ್ನು 1366ರಿಂದ ಭಾಗಿಸಿದರೆ 1.4 ಚಿಲ್ಲರೆ. ಒಂದು ಚುಕ್ಕಿ 1.4 ಚುಕ್ಕಿಯ ಜಾಗದಲ್ಲಿ ಕೂರೋದು ಹೇಗೆ? ಪಕ್ಕದ ಚುಕ್ಕಿಗೆ ಸ್ವಲ್ಪ ಬಳಿದುಕೊಂಡು ಕೂರುತ್ತೆ, ಅದೇ ನಿಮ್ಮ ಮಂಜು. 1920×1080ಕ್ಕೆ ವಾಪಸ್ ಹೋಗಿ, ಕೆಳಗಿರೋ ಸ್ಕೇಲ್ 125 ಮಾಡಿ, ಅಮ್ಮನಿಗೆ 150. ಆಗ ವಿಂಡೋಸ್ ಅಕ್ಷರವನ್ನೇ ದೊಡ್ಡದಾಗಿ ಬರೆಯುತ್ತೆ, ಚಿತ್ರ ಹಿಗ್ಗಿಸೋದಲ್ಲ. ಕನ್ನಡದ ಒತ್ತಕ್ಷರ, ದೀರ್ಘ ಎಲ್ಲ ಬಿಡಿಬಿಡಿಯಾಗಿ ಕಾಣೋಕೆ ಇದೇ ಬೇಕು. ಇಂಗ್ಲಿಷ್ ಆದರೆ ಮಂಜಲ್ಲೂ ಹೇಗೋ ಓದಬಹುದು, ‘ಕ್ಷ್ಮ’ ಥರದ್ದು ಬರೀ ಮಸಿ ಚುಕ್ಕಿ ಆಗುತ್ತೆ.

ಕೆಲವು ಹಳೇ ತಂತ್ರಾಂಶ ಮಾತ್ರ ಸ್ಕೇಲ್ ಏರಿಸಿದರೆ ಮಸುಕಾಗುತ್ತೆ. ಅದರ ಐಕಾನ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಹೈ ಡಿಪಿಐ ಸೆಟ್ಟಿಂಗ್. ಅಲ್ಲಿ ಓವರ್‌ರೈಡ್ ಟಿಕ್ ಮಾಡಿ ಸಿಸ್ಟಮ್ ಎನ್‌ಹಾನ್ಸ್ಡ್ ಆರಿಸಿ. ಎಲ್ಲದಕ್ಕೂ ಕೆಲಸ ಮಾಡಲ್ಲ, ಮಾಡಿದರೆ ಚೆನ್ನಾಗಿ ಮಾಡುತ್ತೆ.

ಅಳತೆಗೋಲು

ಚಾರ್ಜರ್‌ಗೆ ಹಳೇದರ ಹಿಂದಿನ ಚೀಟಿ ಓದಿ. ವೋಲ್ಟ್ ಮತ್ತು ಆಂಪಿಯರ್ ಇರುತ್ತೆ. 19.5 ವೋಲ್ಟ್, 3.34 ಆಂಪಿಯರ್ ಅಂತಿದ್ದರೆ ಗುಣಿಸಿ, 65 ವ್ಯಾಟ್. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು, ಕಡಿಮೆ ಬೇಡ. ಆಮೇಲೆ ತುದಿ ಹೊಂದಿದರೆ ಸಾಲದು, ಆ ನಡುವಿನ ಪಿನ್ ನಿಮ್ಮ ಯಂತ್ರಕ್ಕೆ ಅರ್ಥವಾಗುವ ಗುರುತು ಹೇಳಬೇಕು. ಹೇಳದ ನಕಲಿ ಹಾಕಿದರೆ ಮತ್ತೆ 0.39. ತಂದ ದಿನವೇ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ, ವಾಪಸ್ ಕೊಡೋ ಅವಧಿ ಮುಗಿಯೋ ಮುಂಚೆ. ಹಳೇ ಪಿನ್ನನ್ನು ಚಿಮಟಿಗೆಯಲ್ಲಿ ನೆಟ್ಟಗೆ ಮಾಡೋ ಆಸೆ ಬೇಡ, ಮುರಿದು ಲ್ಯಾಪ್‌ಟಾಪಿನ ಕಿಂಡಿಯೊಳಗೆ ಉಳಿದುಬಿಟ್ಟರೆ ಆಗ ನಿಜವಾಗಿಯೂ ಮುಚ್ಚಳ ಬಿಚ್ಚಬೇಕಾಗುತ್ತೆ.

ನಿಧಾನವೇ_ಪ್ರಧಾನ

ಹೊಸ ಚಾರ್ಜರ್ ಬಂತು, ವೇಗ ಸರಿಯಾಗಿದೆ. ಸ್ಟಾರ್ಟ್ ಮೆನುವನ್ನು ಸುಮ್ನೆ ಸುಮ್ನೆ ಒತ್ತಿ ನೋಡ್ತಿದ್ದೀನಿ. ಭಾವನಿಗೂ ‘ನಿಮ್ಮ ರ‍್ಯಾಮ್ ದಂಡ ಆಗಲಿಲ್ಲ’ ಅಂತ ಹೇಳಿದೆ, ಈಗ ಅವರೇ ರಿಪೇರಿ ಮಾಡಿದ ಹಾಗೆ ಮನೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರೆ.

ಒಂದೇ ಒಂದು ವಿಷಯ. ನಿನ್ನೆ ವಿಡಿಯೊ ಎಡಿಟ್ ಮಾಡಿ ಎಕ್ಸ್‌ಪೋರ್ಟ್‌ಗೆ ಹಾಕಿದೆ. ಮೊದಲ ಅರ್ಧ ನಿಮಿಷ 3.8, ಆಮೇಲೆ ಶಾಖ 97 ಡಿಗ್ರಿ, ವೇಗ 1.9ಕ್ಕೆ ಇಳಿಯಿತು, ಫ್ಯಾನ್ ಮಿಕ್ಸಿ ಥರ ಕೂಗಿತು. ಬ್ರಷ್ ಅವರೇ, ಇದ್ದೀರಾ?

ಬ್ರಷ್_ಹಿಡಿದವ

ಇದ್ದೇನೆ ಮಾರಾಯ್ರೇ, ಎಲ್ಲಿಗೆ ಹೋಗಲಿ. ಮೂರು ವಾರ ಕೈ ಕಟ್ಟಿ ಕೂತಿದ್ದಕ್ಕೆ ಧೂಳು ಇದ್ದದ್ದು ಗೊತ್ತಾಗಲಿಲ್ಲ, ಈಗ ಓಡೋಕೆ ಬಿಟ್ಟಿರಿ, ಉಸಿರು ಕಟ್ಟುತ್ತಿದೆ. ಬಣ್ಣ ಹಚ್ಚೋ ಒಂದಿಂಚಿನ ಬ್ರಷ್ ಸಾಕು, ಹೊಸದಾಗಿರಲಿ, ಒಣಗಿರಲಿ. ಸ್ಕ್ರೂ ಉದ್ದ ಒಂದೊಂದು ಕಡೆ ಒಂದೊಂದು ಇರುತ್ತೆ, ಕಾಗದದ ಮೇಲೆ ಲ್ಯಾಪ್‌ಟಾಪ್ ಚಿತ್ರ ಬರೆದು ತೆಗೆದ ಜಾಗದಲ್ಲೇ ಚುಚ್ಚಿಡಿ. ಹೀಟ್‌ಸಿಂಕ್ (ಪ್ರೊಸೆಸರ್ ಶಾಖ ಎಳೆಯೋ ಲೋಹದ ಭಾಗ) ಮೇಲಿನ ಸ್ಕ್ರೂಗಳಿಗೆ ಪಕ್ಕದಲ್ಲೇ 1, 2, 3 ಅಂತ ಕೊರೆದಿದ್ದರೆ ಹಾಕುವಾಗ ಅದೇ ಕ್ರಮ. ಪೇಸ್ಟ್ ಬಟಾಣಿ ಕಾಳಿಗಿಂತ ಚಿಕ್ಕ ಹನಿ. ಮುಚ್ಚಳ ತೆಗೆದ ತಕ್ಷಣ ಒಂದು ಫೋಟೊ ಹಾಕಿ, ಆ ಕಂಬಳಿ ತುಂಡು ಎಷ್ಟು ದಪ್ಪ ಇದೆ ನೋಡೋಣ.